ತೊಟ್ಟಿಯ ಮುಂದೆ ಕೂತ ಮಗಳಿಗೆ

ಶಿಡ್ಲಘಟ್ಟ

ಪುಟ್ಟಿ,

ರಾತ್ರಿ ಫೋನಿನಲ್ಲಿ ನಿನ್ನ ದನಿ ಸಪ್ಪಗಿತ್ತು. ಹಡಗು ಹತ್ತುವ ಆಸೆಯಿಂದ ಸಮುದ್ರದ ಅಧ್ಯಯನಕ್ಕೆ ಸೇರಿದೆ, ಮೂರು ವಾರದಿಂದ ನೀರಿನ ಬಿಸಿ ಅಳೆಯುವ ಸೆನ್ಸರ್‌ಗಳನ್ನು ತೊಟ್ಟಿ ನೀರಿನಲ್ಲಿ ಮುಳುಗಿಸಿ ತಾಳೆ ನೋಡುವುದೇ ಆಯಿತು ಅಂದೆ. ಆಮೇಲೆ ನನಗೂ ನಿದ್ದೆ ಬರಲಿಲ್ಲ.

ನೀನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ರೇಷ್ಮೆ ಹುಳುವಿನ ಒಂದು ಬೆಳೆ ಪೂರ್ತಿ ಹೋಯಿತಲ್ಲ, ನೆನಪಿದೆಯಾ? ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ಹುಳುವಿಗೆ 24-25 ಡಿಗ್ರಿ ಇರಬೇಕು. ಗೋಡೆಯ ಥರ್ಮಾಮೀಟರ್ 25 ತೋರಿಸುತ್ತಿತ್ತು. ನಾನು ನಂಬಿ ಸುಮ್ಮನಿದ್ದೆ. ಸಪ್ಪೆ ರೋಗ ಬಂದು, ಗೂಡು ಕಟ್ಟಲು ಚಂದ್ರಿಕೆಗೆ ಹಾಕುವ ಹೊತ್ತಿಗೆ ತಟ್ಟೆ ತಟ್ಟೆಯೇ ಸತ್ತಿತ್ತು. ಪಕ್ಕದ ಮನೆಯಿಂದ ಇನ್ನೊಂದು ಥರ್ಮಾಮೀಟರ್ ತಂದು ಇಟ್ಟಾಗ ಗೊತ್ತಾಯಿತು, ನಮ್ಮದು ಐದು ಡಿಗ್ರಿ ಕಡಿಮೆ ಹೇಳುತ್ತಿತ್ತು.

ನಿನ್ನ ಲೆಕ್ಕವಂತೂ ಡಿಗ್ರಿಯ ಸಾವಿರದಲ್ಲಿ ಒಂದು ಪಾಲು. ಸಮುದ್ರದ ಮೇಲೆ ಬೆಚ್ಚಗಿನ ನೀರು, ಕೆಳಗೆ ತಣ್ಣಗಿನ ಭಾರದ ನೀರು. ಆ ಪದರಗಳ ನಡುವೆಯೇ ಅಲೆ ಏಳುತ್ತದೆ. ಅಂಡಮಾನ್ ಸಮುದ್ರದಲ್ಲಿ ಅಂಥ ಅಲೆ ಹತ್ತಾರು ಮೀಟರ್ ಎತ್ತರ ಇರುತ್ತದೆ, ಆದರೂ ನೀರಿನ ಮೇಲ್ಮೈ ಅಷ್ಟು ಏರಿಳಿಯುವುದಿಲ್ಲ ಅಂದಿದ್ದೆ. ಅದು ತಳದ ಇಳಿಜಾರಿಗೆ ಬಡಿದು ಮುರಿದಾಗ ನೀರು ಮಗುಚುತ್ತದೆ. ತಣ್ಣಗಿನದು ಮೇಲೆ, ಬೆಚ್ಚಗಿನದು ಕೆಳಗೆ. ಹಾಗೆ ಮಗುಚಿದ್ದನ್ನು ಲೆಕ್ಕದಲ್ಲಿ ಮತ್ತೆ ಸರಿಯಾಗಿ ಜೋಡಿಸಿ, ಯಾವ ನೀರು ತನ್ನ ಜಾಗ ಬಿಟ್ಟು ಎಷ್ಟು ದೂರ ಹೋಗಿತ್ತು ಅಂತ ನೋಡಿದರೆ ಒಳಗಿನ ಕದಡಾಟದ ಜೋರು ಗೊತ್ತಾಗುತ್ತದೆ. 1977ರಲ್ಲಿ ಥಾರ್ಪ್ ಅನ್ನುವವರು ಸ್ಕಾಟ್ಲೆಂಡಿನ ಸರೋವರದಲ್ಲಿ ಅಳೆದು ತೋರಿಸಿದ ದಾರಿ ಇದು ಅಂತ ನೀನೇ ಹೇಳಿಕೊಟ್ಟೆ. ಎಷ್ಟು ಚೆನ್ನಾಗಿದೆ ಪುಟ್ಟಿ! ಕೇಳಿದ ದಿನದಿಂದ ತಲೆಯಲ್ಲೇ ಇದೆ.

ಆದರೆ ಒಂದು ಸೆನ್ಸರ್ ಚೂರೇ ಚೂರು ತಪ್ಪು ಹೇಳಿದರೂ, ಮಗುಚದ ನೀರೂ ಮಗುಚಿದ ಹಾಗೆ ಕಾಣುತ್ತದೆ ಅಲ್ವಾ? ನಾನು ಪಕ್ಕದ ಮನೆಗೆ ಓಡಿ ಇನ್ನೊಂದನ್ನು ತಂದೆ. ಸೆನ್ಸರ್ ಸಾಲಾಗಿ ಕಟ್ಟಿದ ನಿನ್ನ ಹಗ್ಗ ಸಮುದ್ರದ ತಳದಲ್ಲಿ ಭಾರ, ತುದಿಯಲ್ಲಿ ತೇಲುಬುಂಡೆ ಕಟ್ಟಿಕೊಂಡು ವರ್ಷಗಟ್ಟಲೆ ಕತ್ತಲಲ್ಲಿ ನಿಂತಿರುತ್ತದೆ. ಸೆಕೆಂಡಿಗೊಮ್ಮೆ ಬಿಸಿ ಬರೆದುಕೊಳ್ಳುವ ಆ ಸೆನ್ಸರ್‌ಗಳನ್ನು ನಡುವೆ ಯಾರೂ ಹೋಗಿ ನೋಡುವ ಹಾಗಿಲ್ಲ. ತಾಳೆ ನೋಡುವುದೇನಿದ್ದರೂ ಈಗಲೇ, ಆ ತೊಟ್ಟಿಯಲ್ಲೇ. ಅದಕ್ಕೇ ಬೇಜಾರು ಮಾಡಿಕೊಳ್ಳಬೇಡ ಅನ್ನುತ್ತಿದ್ದೇನೆ.

ಅಪ್ಪ ಗೂಡು ತೆಗೆದುಕೊಂಡು ಮಾರುಕಟ್ಟೆಗೆ ಹೋಗಿದ್ದಾರೆ. ಹುಳುಮನೆಯಲ್ಲಿ ಈಗ ಎರಡು ಥರ್ಮಾಮೀಟರ್ ಇಟ್ಟಿದ್ದೇನೆ, ಮೇಲಿನ ತಟ್ಟೆಯ ಹತ್ತಿರ ಒಂದು, ಕೆಳಗೊಂದು. ಬೆಳಿಗ್ಗೆ ಅರ್ಧ ಡಿಗ್ರಿ ವ್ಯತ್ಯಾಸ ತೋರಿಸಿದವು. ಗಾಳಿಯದೋ ಥರ್ಮಾಮೀಟರಿನದೋ ತಿಳಿಯಲಿಲ್ಲ. ಎರಡನ್ನೂ ಒಂದೇ ಪಾತ್ರೆ ನೀರಿನಲ್ಲಿ ಇಟ್ಟು ಬಂದು ಇಷ್ಟು ಬರೆದೆ. ಈಗ ಹೋಗಿ ನೋಡುತ್ತೇನೆ.

ನಿನ್ನ ಅಮ್ಮ