ದಸರಾ ರಜೆಯಲ್ಲಿ ಮಕ್ಕಳನ್ನು ಫಿಲೇಚರ್‌ಗೆ ಕಳಿಸಬೇಡಿ

ಶಿಡ್ಲಘಟ್ಟದ ಪೋಷಕರಿಗೆಲ್ಲಾ ನಮಸ್ಕಾರ. "ರಜೆ ತಾನೆ, ಮನೇಲಿ ಸುಮ್ನೆ ಕೂತು ಏನು ಮಾಡ್ತಾರೆ" ಅಂತ ಕೆಲವರು ಮಕ್ಕಳನ್ನು ಫಿಲೇಚರ್‌ಗೆ, ಅಂದರೆ ರೇಷ್ಮೆ ಗೂಡಿನಿಂದ ನೂಲು ಬಿಚ್ಚೋ ಘಟಕಕ್ಕೆ, ಕೆಲಸಕ್ಕೆ ಕಳಿಸುವುದುಂಟು. ಬೇಡ. 14 ವರ್ಷದೊಳಗಿನ ಮಗುವನ್ನು ಬೇರೆಯವರ ಘಟಕದಲ್ಲಿ ದುಡಿಸುವುದು ಅಪರಾಧ, ರಜೆಯಾದರೂ ಅಷ್ಟೇ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಪ್ರಕಾರ ಮಾಲೀಕರಿಗೆ 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ 20 ಸಾವಿರದಿಂದ 50 ಸಾವಿರ ದಂಡ, ಅಥವಾ ಎರಡೂ.

ಈ ಕೆಲಸ ನಿಮಗೆ ಗೊತ್ತಿಲ್ಲದ್ದೇನಲ್ಲ. ಬಿಸಿನೀರಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ತುದಿ ಬೆಳ್ಳಗೆ ನೆಂದು ಸಿಪ್ಪೆ ಏಳುತ್ತದೆ. ಹಬೆ, ಹುಳದ ವಾಸನೆ ಬೇರೆ. ದೊಡ್ಡವರಿಗೇ ಕಷ್ಟ, ಅಲ್ವಾ?

ಶಾಲೆ ಮುಗಿದ ಮೇಲೆ ಸ್ವಂತ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಕೈ ಜೋಡಿಸಿದರೆ ಕಾನೂನು ತಡೆಯುವುದಿಲ್ಲ. ಆ ನೆಪವನ್ನು ಜಾಸ್ತಿ ಎಳೆಯಬೇಡಿ, ಅಷ್ಟೇ.

ಮಾಲೀಕರಿಂದ ಪಡೆದ ಮುಂಗಡ ತೀರಿಸಲು ಮಗು ಬರಲೇಬೇಕು ಅಂತ ಯಾರಾದರೂ ಒತ್ತಾಯಿಸಿದರೆ ಹೆದರಬೇಡಿ. ಜೀತದ ಸಾಲ 1976ರ ಕಾನೂನಿನಲ್ಲೇ ರದ್ದಾಗಿದೆ. ತಾಲ್ಲೂಕು ಕಚೇರಿಗೆ ಅರ್ಜಿ ಬರೆಯಲು ಎಸ್‌ಡಿಎಂಸಿಯಿಂದ (ಶಾಲಾಭಿವೃದ್ಧಿ ಸಮಿತಿ) ನಾವು ಜೊತೆಗಿರುತ್ತೇವೆ. ಮಗು ದುಡಿಯೋದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಉಚಿತ, ರಾತ್ರಿಯೂ ಮಾಡಬಹುದು. ಮಗುವಿನ ಫೋಟೋ ಮಾತ್ರ ದಯವಿಟ್ಟು ಗ್ರೂಪಿಗೆ ಹಾಕಬೇಡಿ.