ಶೆಫೀಲ್ಡಿನಿಂದ ಅಮ್ಮನಿಗೆ

ಅಮ್ಮಾ,

ನಾವೆಲ್ಲ ಕ್ಷೇಮ. ನಿನ್ನ ಕಾಗದ ಬಂತು. ಟಿ.ವಿ.ಯಲ್ಲಿ ಇಂಗ್ಲೆಂಡಿನ ಬಿರುಗಾಳಿ ನೋಡಿ ನಿದ್ದೆಗೆಟ್ಟೆ ಅಂತ ಬರೆದಿದ್ದೀಯ. ಅವರು ತೋರಿಸಿದ್ದು ಸಮುದ್ರದಂಡೆಯ ಊರು, ನಾವಿರುವುದು ಒಳನಾಡಿನ ಗುಡ್ಡದ ಮೇಲೆ. ಗಾಳಿಗೆ ಹೆಸರಿಟ್ಟ ಮಾತ್ರಕ್ಕೆ ಊರು ಹಾರಿಹೋಗುವುದಿಲ್ಲ. ಜನ ಎಚ್ಚರವಾಗಿರಲಿ ಅಂತ ಹವಾಮಾನ ಇಲಾಖೆಯವರು 2015ರಿಂದ ದೊಡ್ಡ ಬಿರುಗಾಳಿಗಳಿಗೆಲ್ಲ ಹೆಸರಿಡುತ್ತಾರೆ, ಅಷ್ಟೇ. ನಮ್ಮಲ್ಲಿ ಕಸದ ಡಬ್ಬಿ ಉರುಳಿತು. ಮನೆಗೆ ಏನೂ ಆಗಿಲ್ಲ.

ಹವೆಗೆ ಮಾತ್ರ ತಲೆಬುಡ ಇಲ್ಲ. ಸೋಮವಾರ 13 ಡಿಗ್ರಿ, ಸ್ವೆಟರ್ ಬಿಚ್ಚಿಟ್ಟೆ. ಬುಧವಾರ ಬೆಳಿಗ್ಗೆ ಸೊನ್ನೆಗಿಂತ ಕೆಳಗೆ, ಕಾರಿನ ಗಾಜಿನ ಮೇಲೆ ಮಂಜುಗಡ್ಡೆ. ಅಟ್ಲಾಂಟಿಕ್ ಕಡೆಯಿಂದ ಬೆಚ್ಚನೆ ಗಾಳಿ ಮಳೆ ತರುತ್ತದೆ, ಅದು ದಾಟಿದ ಮೇಲೆ ಆಕಾಶ ತಿಳಿಯಾಗಿ ರಾತ್ರಿ ನೆಲ ಕೊರೆಯುತ್ತದೆ. ಆದರೂ ಮಳೆಯ ಹೆಚ್ಚಿನ ಪಾಲು ಮ್ಯಾಂಚೆಸ್ಟರಿನವರಿಗೇ. ನಡುವೆ ಪೆನ್ನೈನ್ಸ್ ಬೆಟ್ಟಸಾಲು ಇದೆ, ಘಟ್ಟದ ಆಚೆ ಸುರಿದು ಹಾವೇರಿ ಕಡೆ ಒಣಗಿರುವ ಹಾಗೆ. ಗುರುವಾರ ಇನ್ನೊಂದು ತಮಾಷೆ. ಕಣಿವೆಯಲ್ಲಿ ಬಸ್ ಸ್ಟಾಪೇ ಕಾಣದಷ್ಟು ಮಂಜು, ಗುಡ್ಡ ಹತ್ತಿದರೆ ಚೆಂದದ ಬಿಸಿಲು! ರೈಲು ತಡವಾದರೆ ಹಳಿ ಮೇಲೆ ಎಲೆ ಬಿದ್ದಿದೆ ಅನ್ನುತ್ತಾರೆ. ನಗಬೇಡ, ನಿಜವೇ. ಒದ್ದೆ ಎಲೆ ಚಕ್ರಕ್ಕೆ ಸಿಕ್ಕಿ ಅರೆದು ಹಳಿಯೆಲ್ಲ ಜಾರುತ್ತದೆ. ಅದನ್ನು ತೊಳೆಯುವುದಕ್ಕೇ ಬೇರೆ ರೈಲು ಇಟ್ಟಿದ್ದಾರೆ.

ಇಷ್ಟೆಲ್ಲ ಬರೆದಿದ್ದು ನಿನ್ನ ಸಮಾಧಾನಕ್ಕೆ. ನನ್ನ ತಲೆಯಲ್ಲಿ ಇರುವುದು ನಿನ್ನ ಕಾಗದದ ಕೊನೆಯ ಸಾಲು. ಅಪ್ಪ ಬಿಪಿ ಮಾತ್ರೆ ಬಿಟ್ಟಿದ್ದಾರಾ? ಯಾವಾಗಿನಿಂದ? ಬಿರುಗಾಳಿಗೆ ಒಂದೂವರೆ ಪುಟ, ಇದಕ್ಕೆ ಒಂದೇ ಸಾಲು! ಫೋನಿನಲ್ಲಿ ಕೇಳೋಣ ಅಂದರೆ ಅವರು ಪಕ್ಕದಲ್ಲೇ ಕೂತಿರುತ್ತಾರೆ, ನೀನು "ಎಲ್ಲ ಸರಿ ಇದೆ" ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

"ಬಿಪಿ ಸರಿ ಇದೆ, ಮಾತ್ರೆ ಯಾಕೆ" ಅನ್ನುತ್ತಾರಂತೆ. ಮಾತ್ರೆ ನುಂಗಿದ್ದಕ್ಕೇ ಅಲ್ವಾ ಸರಿ ಇದ್ದಿದ್ದು? ಬಿಪಿ ಏರಿದರೆ ತಲೆನೋವೇ ಬರಬೇಕು ಅಂತೇನಿಲ್ಲ, ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಅದರ ಮೇಲೆ ಈಗ ಚಳಿ. ಚಳಿಗೆ ರಕ್ತನಾಳ ಬಿಗಿಯುತ್ತದೆ, ಬಿಪಿ ಇನ್ನೂ ಏರುತ್ತದೆ. ಇವರೋ ಕೊಯ್ಲಿನ ಗಡಿಬಿಡಿಯಲ್ಲಿ ನಸುಕಿಗೇ ಎದ್ದು ಬರಿಮೈಯಲ್ಲಿ ಅಡಿಕೆ ಒಲೆಗೆ ಬೆಂಕಿ ಹಾಕುತ್ತಾರೆ. ಮೋಡ ಕವಿದರೆ ಒಣಹಾಕಿದ ಅಡಿಕೆ ಬಾಚಲು ಓಡುತ್ತಾರೆ. ಅಡಿಕೆ ಒಂದು ದಿನ ನೆನೆದರೆ ನೆನೆಯಲಿ. ಗಣೇಶಣ್ಣ ಇದ್ದಾನಲ್ಲ.

ಮಾತ್ರೆಯಿಂದ ತಲೆ ಸುತ್ತುತ್ತಿದೆಯಾ, ಕಾಲು ಊದುತ್ತಿದೆಯಾ, ಮೆಲ್ಲಗೆ ಕೇಳು. ಹಾಗಿದ್ದರೆ ಡಾಕ್ಟರು ಬೇರೆ ಮಾತ್ರೆ ಕೊಡುತ್ತಾರೆ, ಅದಕ್ಕೆ ದಾರಿ ಇದೆ. ದುಡ್ಡು ಉಳಿಸಲು ಬಿಟ್ಟಿದ್ದರೆ ಮಾತ್ರ ನನಗೆ ಸಿಟ್ಟು ಬರುತ್ತದೆ, ಹಾಗಂತ ಹೇಳು. ಹಳೇ ಚೀಟಿ ನೋಡಿ ನೀವೇ ಶುರು ಮಾಡಬೇಡಿ. ಮೊದಲು ಬಿಪಿ ನೋಡಿಸಿ, ಡಾಕ್ಟರು ಹೇಳಿದಷ್ಟೇ ಕೊಡು. ಮಾತು ಮರೆತು ತೊದಲಿದರೆ, ಒಂದು ಕೈ ಸೋತರೆ, ಎದೆ ಹಿಡಿದರೆ ನನ್ನ ಫೋನಿಗೆ ಕಾಯಬೇಡ. ತಕ್ಷಣ 108ಕ್ಕೆ ಮಾಡು. ಹೆದರಿಸಲು ಬರೆದಿದ್ದಲ್ಲ, ಏನೂ ಆಗುವುದಿಲ್ಲ.

ನನ್ನ ಚಿಂತೆ ಬೇಡವೇ ಬೇಡ. ಮನೆಯೊಳಗೆ ಹೀಟರ್ ಇದೆ, ದಪ್ಪ ಕೋಟು ಇದೆ, ಶೂ ಹೊಸದು, ಕೆಮ್ಮು ಪೂರ್ತಿ ಹೋಗಿದೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ. ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ, ಅದೂ ಅಭ್ಯಾಸವಾಗಿದೆ.

ಗಡಿಯಾರ ಹಿಂದೆ ಹಾಕಿದ್ದಾರೆ, ಈಗ ನಿಮಗಿಂತ ಐದೂವರೆ ಗಂಟೆ ಹಿಂದೆ ನಾನು. ಭಾನುವಾರ ನಿಮ್ಮ ಸಂಜೆ ಆರಕ್ಕೆ ಮಾಡುತ್ತೇನೆ, ಫೋನ್ ಅಪ್ಪನ ಕೈಗೇ ಕೊಡು. ಸುಮಾಳ ಜಾತಕದ ವಿಷಯ ಆಮೇಲೆ ನೋಡೋಣ. ಅಂಚೆಗೆ ಹಾಕಬೇಕು, ಬಸ್ಸು ಬರುವ ಹೊತ್ತು.

ನಿನ್ನ
ರವಿ

ಬಿಪಿ ಎಷ್ಟಿತ್ತು ಅಂತ ಎರಡೂ ಅಂಕಿ ಬರೆದಿಡು.