ಮಗಳಿಗೊಂದು ಪತ್ರ: ಏಳನೆಯ ವಚನ

ಪ್ರೀತಿಯ ಮಗಳೇ,

ಸತ್ಯವೇದದಲ್ಲಿ (ಬೈಬಲಿನಲ್ಲಿ) ಪ್ರವಾದಿ ನಹೂಮನ ಪುಸ್ತಕದ ಮೊದಲ ಅಧ್ಯಾಯವನ್ನು ಆರನೆಯ ವಚನದವರೆಗೆ ಓದಿ ಮುಚ್ಚಿಟ್ಟೆ ಅಂದೆಯಲ್ಲ. ದೇವರ ಕೋಪದ ಮುಂದೆ ಯಾರು ನಿಂತಾರು ಎಂಬ ಆ ಪ್ರಶ್ನೆ ನನ್ನನ್ನೂ ಎಷ್ಟೋ ರಾತ್ರಿ ಎಬ್ಬಿಸಿ ಕೂರಿಸಿದೆ. ಪ್ರೀತಿಯೇ ಆಗಿರುವ ದೇವರಿಗೆ ಇಷ್ಟು ರೋಷ ಯಾಕಮ್ಮಾ ಎಂದು ನೀನು ಕೇಳಿದಾಗ ಫೋನಿನಲ್ಲಿ ನನಗೆ ಮಾತೇ ಹೊರಡಲಿಲ್ಲ.

ಆ ಮಾತು ಯಾರಿಗೆ ಹೇಳಿದ್ದು ನೋಡು. ಅಶ್ಶೂರರ ರಾಜಧಾನಿ ನಿನೆವೆಗೆ. ಕಂಡ ಕಂಡ ನಾಡುಗಳಲ್ಲಿ ರಕ್ತ ಹರಿಸಿದ ಆ ಪಟ್ಟಣ ಕ್ರಿ.ಪೂ. 612ರಲ್ಲಿ ನೆಲಕಚ್ಚಿತು. ದೇವರ ಸ್ವಂತ ಜನರಾದ ಇಸ್ರಾಯೇಲ್ಯರೇನೂ ಸಾಚಾಗಳಲ್ಲ, ಒಂದು ಜೊತೆ ಕೆರಕ್ಕೆ ಬಡವನನ್ನು ಮಾರಿದರೆಂದು ಪ್ರವಾದಿ ಆಮೋಸ ಗುಡುಗುತ್ತಾನೆ. ಇದನ್ನು ಕಂಡೂ ತಣ್ಣಗೆ ಕೂತಿರುವ ದೇವರು ಆ ಬಡವನಿಗೆ ಯಾವ ದೇವರು? ನಮಗಾದರೋ ಮೂಗಿನ ತುದಿಯಲ್ಲೇ ಸಿಟ್ಟು. ದೇವರನ್ನಾದರೋ ನಹೂಮನೇ ದೀರ್ಘಶಾಂತನು ಅನ್ನುತ್ತಾನೆ. ಹಿಂದೆ ಇದೇ ನಿನೆವೆಗೆ ಪ್ರವಾದಿ ಯೋನನನ್ನು ಕಳಿಸಿ, 40 ದಿನ ಗಡುವು ಕೊಟ್ಟು, ಜನ ಮನಸ್ಸು ತಿರುಗಿಸಿದಾಗ ಉಳಿಸಿದವನೂ ಆತನೇ.

ಹಾಗಾದರೆ ಕೋಪಕ್ಕೆ ಸಿಕ್ಕವನು ಓಡಿಹೋಗುವುದೆಲ್ಲಿಗೆ? ಸತ್ಯವೇದದ ಧರ್ಮೋಪದೇಶಕಾಂಡದ 19ನೆಯ ಅಧ್ಯಾಯದಲ್ಲಿ ಒಂದು ಸಂಗತಿ ಇದೆ. ಇಬ್ಬರು ಮರ ಕಡಿಯಲು ಕಾಡಿಗೆ ಹೋಗುತ್ತಾರೆ. ಒಬ್ಬ ಕೊಡಲಿ ಎತ್ತಿ ಬೀಸಿದಾಗ ಅದು ಕಾವಿನಿಂದ ಕಳಚಿ ಜೊತೆಯವನಿಗೆ ಬಡಿದು ಅವನು ಸಾಯುತ್ತಾನೆ. ಇನ್ನು ಸತ್ತವನ ಹತ್ತಿರದ ನಂಟ ಸೇಡಿಗಾಗಿ ಬೆನ್ನಟ್ಟದೆ ಬಿಡುವುದಿಲ್ಲ. ಓಡುವವನಿಗೆಂದೇ ಯೊರ್ದನ್ ಹೊಳೆಯ ಈಚೆ ಮೂರು, ಆಚೆ ಮೂರು ಆಶ್ರಯನಗರಗಳಿದ್ದವು. ಅಲ್ಲಿಗೆ ದಾರಿ ಸರಿಮಾಡಿಡಬೇಕೆಂಬ ಆಜ್ಞೆಯೂ ಇತ್ತು. ಊರಬಾಗಿಲಲ್ಲಿ ನಿಂತು ಹಿರಿಯರಿಗೆ ನಡೆದದ್ದನ್ನು ಹೇಳಿದರೆ ಒಳಗೆ ಜಾಗ. ಮಹಾಯಾಜಕನು ತೀರಿಕೊಳ್ಳುವ ತನಕ ಅಲ್ಲೇ ಇರಬೇಕು, ಆಮೇಲೆ ಮನೆಗೆ ಹೋಗಬಹುದು.

ಆದರೆ ಇದು ಕೈತಪ್ಪಿ ಕೊಂದವನಿಗೆ ಮಾತ್ರ. ಬೇಕೆಂದೇ ಕೊಂದವನು ಯಜ್ಞವೇದಿಯನ್ನು ಹಿಡಿದುಕೊಂಡಿದ್ದರೂ ಎಳೆದು ತರಬೇಕಿತ್ತು. ನನ್ನ ತಪ್ಪುಗಳೆಲ್ಲ ಕಳಚಿ ಹಾರಿದ ಕೊಡಲಿಗಳಲ್ಲ ಮಗಳೇ. ನೋಯಲಿ ಎಂದೇ ಆಡಿದ ಮಾತುಗಳಿವೆ. ಆ ಆರು ಊರುಗಳಲ್ಲಿ ಒಂದರ ಬಾಗಿಲೂ ನನಗೆ ತೆರೆಯುತ್ತಿರಲಿಲ್ಲ.

ಸುವಾರ್ತೆ, ಅಂದರೆ ಯೇಸುವಿನ ಶುಭಸಂದೇಶ, ನನ್ನನ್ನು ಹಿಡಿದು ನಿಲ್ಲಿಸಿದ್ದು ಇಲ್ಲೇ. ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಸತ್ತನು, ಆತನ ಮೂಲಕವೇ ಕೋಪಕ್ಕೆ ತಪ್ಪಿಸಿಕೊಳ್ಳುತ್ತೇವೆ ಎಂದು ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಬೇಡಿಕೊಂಡದ್ದು ಒಂದು ಪಾತ್ರೆಯ ವಿಷಯ, ಸಾಧ್ಯವಾದರೆ ಅದು ತನ್ನಿಂದ ತೊಲಗಲಿ ಎಂದು. ಪ್ರವಾದಿ ಯೆರೆಮೀಯನ ಪುಸ್ತಕದಲ್ಲಿ ದೇವರ ರೋಷ ತುಂಬಿದ ಪಾತ್ರೆಯೊಂದು ಬರುತ್ತದೆ, ಅದನ್ನು ನೆನೆಸಿಕೊಂಡು ಓದು. ಅದನ್ನು ಆತ ನಮ್ಮ ಕೈಗೆ ದಾಟಿಸದೆ ತಾನೇ ಕುಡಿದ. ಮಹಾಯಾಜಕನೂ ಆತನೇ, ಸತ್ತವನೂ ಆತನೇ. ಇದನ್ನು ಬರೆಯುವಾಗಲೂ ನನ್ನ ಕಣ್ಣು ಮಂಜಾಗುತ್ತಿದೆ.

ನಂಬಿಕೆ ಅಂದಾಗ ನನಗೆ ನಾಲ್ಕು ವರ್ಷದ ನೀನು ನೆನಪಾಗುತ್ತೀ. ತಮ್ಮನ ತೊಟ್ಟಿಲ ಪಕ್ಕ ಕೂತು ಬೆಂಕಿಕಡ್ಡಿ ಗೀರಿದ್ದೆ. ಓಡಿ ಬಂದು ಕಿತ್ತುಕೊಂಡು ಬೆನ್ನಿಗೆ ಏಟು ಕೊಟ್ಟೆ. ಅಪ್ಪ ಬಾಗಿಲಲ್ಲೇ ನಿಂತಿದ್ದರು. ನೀನು ಅವರತ್ತ ಹೋಗಲಿಲ್ಲ, 'ಅಮ್ಮಾ' ಎನ್ನುತ್ತಾ ಹೊಡೆದ ನನ್ನ ಮಡಿಲಲ್ಲೇ ಮುಖ ಹುದುಗಿಸಿದೆ.

ಇವತ್ತು ರಾತ್ರಿ ಆ ಪುಟ ಮತ್ತೆ ತೆಗಿ. ಏಳನೆಯ ವಚನ ಓದು: ಯೆಹೋವನು ಒಳ್ಳೆಯವನು, ಇಕ್ಕಟ್ಟಿನ ದಿನದಲ್ಲಿ ಆಶ್ರಯದುರ್ಗ, ತನ್ನನ್ನು ಆಶ್ರಯಿಸಿದವರನ್ನು ಬಲ್ಲನು ಎಂದಿದೆ ಅಲ್ಲಿ. ಓದಿದ ಮೇಲೆ ಎಷ್ಟು ಹೊತ್ತಾದರೂ ಸರಿ, ಫೋನ್ ಮಾಡು.

ನಿನ್ನ ಅಮ್ಮ